ಸೀಡ್ ಮಾಡುತ್ತ ಕೂತವರು

ಸದಸ್ಯರು ತಮ್ಮತಮ್ಮೊಳಗೆ ಮಾತ್ರ ಫೈಲು ಹಂಚಿಕೊಳ್ಳುವ ಇಂಟರ್‌ನೆಟ್ ಕೂಟಗಳಿಗೆ ಪ್ರೈವೇಟ್ ಟ್ರ್ಯಾಕರ್ ಅನ್ನುತ್ತಾರೆ. ಆ ಲೋಕದಲ್ಲಿ ಮನುಷ್ಯನನ್ನು ಅಳೆಯುವುದು ಒಂದು ದಶಾಂಶ ಸಂಖ್ಯೆಯಿಂದ. ಕೊಟ್ಟದ್ದನ್ನು ತೆಗೆದುಕೊಂಡದ್ದರಿಂದ ಭಾಗಿಸಿದರೆ ಬರುವುದು ರೇಷಿಯೋ. 10 ಜಿಬಿ ಇಳಿಸಿಕೊಂಡು 5 ಜಿಬಿ ಹಂಚಿದ್ದರೆ 0.5. ಲಾಗಿನ್ ಆದ ಕೂಡಲೇ ಪುಟದ ನೆತ್ತಿಯಲ್ಲಿ, ನಿಮ್ಮ ಹೆಸರಿನ ಪಕ್ಕದಲ್ಲೇ ಅದು ಕಾಣುತ್ತದೆ. ಚೆನ್ನಾಗಿದ್ದರೆ ಹಸಿರು, ಕುಸಿದರೆ ಕೆಂಪು. ಊರು, ಜಾತಿ, ಸಂಬಳ ಯಾವುದನ್ನೂ ಕೇಳದ ಜನ ಇದೊಂದನ್ನು ಮಾತ್ರ ನೋಡುತ್ತಿದ್ದರು. ಮಿತಿಗಿಂತ ಕೆಳಗಿಳಿದರೆ ಮೊದಲು ಎಚ್ಚರಿಕೆ, ಆಮೇಲೆ ಡೌನ್‌ಲೋಡ್ ಬಂದ್, ಕೊನೆಗೆ ಹೊರಕ್ಕೆ.

ಕಾನೂನಿನ ಮಾತನ್ನು ಮೊದಲೇ ಆಡಿ ಮುಗಿಸುತ್ತೇನೆ. ಅಲ್ಲಿ ಹರಿದಾಡುತ್ತಿದ್ದುದರಲ್ಲಿ ಬಹುಪಾಲು ಕಾಪಿರೈಟ್ ಇರುವ ಸರಕೇ. ಅದನ್ನು ಹೀಗೆ ಹಂಚುವುದು ನಮ್ಮ 1957ರ ಕಾಯ್ದೆಯ ಪ್ರಕಾರ ಅಪರಾಧ. 63ನೇ ಕಲಮಿನಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗಿನ ಜೈಲು ಇದೆ. ಇದು ಗೊತ್ತಿಲ್ಲದೆ ಒಳಗೆ ಹೋದವರು ಯಾರೂ ಇರಲಿಲ್ಲ. ‘ನಾವು ಕಳ್ಳರಲ್ಲ, ಗ್ರಂಥಪಾಲಕರು’ ಎಂದು ಎದೆ ತಟ್ಟಿಕೊಳ್ಳುತ್ತಿದ್ದವರನ್ನು ಕಂಡರೆ ನನಗೆ ಆಗಲೂ ನಗು ಬರುತ್ತಿತ್ತು. ಅವರಲ್ಲಿ ಹೆಚ್ಚಿನವರು ಕಾಯುತ್ತಿದ್ದುದು ಈ ವಾರದ ಹೊಸ ಆಲ್ಬಮ್ಮಿಗೆ. ಆದರೆ ಗ್ರಂಥಪಾಲಕರ ಕೆಲಸವೂ ಅಲ್ಲಿ ನಡೆಯುತ್ತಿತ್ತು ಎನ್ನುವುದು ಸುಳ್ಳಲ್ಲ. ಅದನ್ನು ಮಾಡುತ್ತಿದ್ದವರು ಯಾರು, ಯಾಕೆ ಮಾಡುತ್ತಿದ್ದರು ಎನ್ನುವುದಷ್ಟೇ ನನಗೆ ಈಗಲೂ ಕಾಡುವ ವಿಷಯ.

ನನಗೆ ದೀಕ್ಷೆ ಆದದ್ದು ಹಾಸ್ಟೆಲಿನಲ್ಲಿ, ಡಿಸಿ ಪ್ಲಸ್ ಪ್ಲಸ್ ಎಂಬ ಪ್ರೋಗ್ರಾಮಿನಲ್ಲಿ. 2000ದ ದಶಕದಲ್ಲಿ ಎಂಜಿನಿಯರಿಂಗ್ ಓದಿದವರಿಗೆ ಇದರ ಪರಿಚಯ ಬೇಕಿಲ್ಲ. ಹೊರಗಿನ ಇಂಟರ್‌ನೆಟ್ ಆಮೆಯಂತೆ ತೆವಳುತ್ತಿತ್ತು, ಆದರೆ ಹಾಸ್ಟೆಲಿನ ಒಳಗೆ ಕಂಪ್ಯೂಟರುಗಳನ್ನು ಜೋಡಿಸಿದ್ದ ಜಾಲದ (ಲ್ಯಾನ್) ವೇಗ 100 ಎಂಬಿಪಿಎಸ್. ಯಾರದೋ ಒಂದು ಕಂಪ್ಯೂಟರ್ ಹಬ್ ಆಗುತ್ತಿತ್ತು. ಹಬ್ಬಿಗೆ ಸೇರಬೇಕಾದರೆ ಇಂತಿಷ್ಟು ಜಿಬಿ ಹಂಚಿಕೆಗೆ ಇಡಲೇಬೇಕು. ಏನೂ ಇಲ್ಲದ ಫಸ್ಟ್ ಇಯರ್ ಹುಡುಗರು ವಿಂಡೋಸ್ ಫೋಲ್ಡರನ್ನೇ ಹಂಚಿಕೆಗೆ ಹಾಕಿ ಒಳಗೆ ನುಸುಳುತ್ತಿದ್ದರು. ಸಿಕ್ಕಿಬಿದ್ದರೆ ಹಬ್ಬಿನ ಆಪರೇಟರ್ ಎಲ್ಲರೆದುರು ಮರ್ಯಾದೆ ತೆಗೆದು ಒದ್ದು ಹೊರಗೆ ಹಾಕುತ್ತಿದ್ದ. ಒಬ್ಬ ಏಕಕಾಲಕ್ಕೆ ಎಷ್ಟು ಮಂದಿಗೆ ಕೊಡಬಲ್ಲ ಎಂಬುದಕ್ಕೆ ಸ್ಲಾಟ್ ಅನ್ನುತ್ತಿದ್ದರು. ಸ್ಲಾಟ್ ಸಿಗದೆ ಹೋದರೆ ಚಾಟಿನಲ್ಲಿ ಬೇಡುವುದಕ್ಕಿಂತ ಕಾರಿಡಾರಿನಲ್ಲಿ ಕೂಗುವುದೇ ಸುಲಭ. ‘ಒಂದು ಸ್ಲಾಟ್ ಬಿಡು ಮಾರಾಯ, ಇನ್ನು ಎರಡೇ ಎಪಿಸೋಡ್ ಉಂಟು!’ ಅರ್ಧ ಇಳಿದ ಫೈಲು ನಿಂತುಹೋದರೆ ಆ ರೂಮಿನ ಬಾಗಿಲು ಬಡಿದು, ‘ಕಂಪ್ಯೂಟರ್ ಆಫ್ ಮಾಡಿ ಮಲಗಿದ್ದೀಯಲ್ಲ, ಏಳು’ ಎನ್ನಬಹುದಿತ್ತು. ಕೊಡುವವನ ಮುಖ ಗೊತ್ತಿದ್ದ ಕಾಲ.

ಅದೇ ಹೊತ್ತಿಗೆ ನಮ್ಮೂರಿನ ಬಸ್‌ಸ್ಟ್ಯಾಂಡಿನ ಮೊಬೈಲ್ ಅಂಗಡಿಯಲ್ಲಿ ಮೆಮೊರಿ ಕಾರ್ಡಿಗೆ ಹಾಡು ತುಂಬಿಸುವ ವ್ಯಾಪಾರ ಜೋರಾಗಿತ್ತು. ಹಳೇ ರಾಜ್‌ಕುಮಾರ್ ಹಾಡು, ಹೊಸ ಸಿನಿಮಾ ಹಾಡು, ಭಕ್ತಿಗೀತೆ, ಜನಪದ, ಎಲ್ಲ ಫೋಲ್ಡರ್ ಲೆಕ್ಕ. ಕಾಲೇಜು ಮೆಟ್ಟಿಲು ಹತ್ತದವರಿಗೂ ಅದು ಫೈಲ್ ಶೇರಿಂಗೇ. ಈ ವಿಷಯದ ಮೇಲೆ ಬರೆಯುವವರು ಇದನ್ನು ಮರೆತು, ಎಲ್ಲ ಶುರುವಾದದ್ದು ಹಾಡು ಹಂಚುವ ಪ್ರೋಗ್ರಾಮಾದ 1999ರ ನ್ಯಾಪ್‌ಸ್ಟರಿನಿಂದ ಎಂದು ಬರೆಯುತ್ತಾರೆ. ಇರಲಿ.

ಹಾಸ್ಟೆಲ್ ಬಿಟ್ಟ ಮೇಲೆ ಬಂದದ್ದು ಬಿಟ್‌ಟೊರೆಂಟ್. ಬ್ರಾಮ್ ಕೋಹೆನ್ ಎಂಬ ಅಮೆರಿಕದ ಪ್ರೋಗ್ರಾಮರ್ 2001ರಲ್ಲಿ ಬರೆದದ್ದು. ಫೈಲನ್ನು ಸಣ್ಣ ಸಣ್ಣ ತುಂಡು ಮಾಡಿ, ಪ್ರತಿ ತುಂಡಿಗೂ ಹ್ಯಾಶ್ ಎಂಬ ಒಂದು ಗುರುತಿನ ಸಂಖ್ಯೆ ಅಂಟಿಸಿ, ಇಳಿಸಿಕೊಳ್ಳುತ್ತಿರುವವನೇ ಇನ್ನೊಬ್ಬರಿಗೆ ಕೊಡುವಂತೆ ಮಾಡಿದ ಏರ್ಪಾಡು. ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಅನ್ನುತ್ತಾರಲ್ಲ, ಇವತ್ತು ನಾನು ನಿನ್ನ ಗದ್ದೆಗೆ, ನಾಳೆ ನೀನು ನನ್ನ ಗದ್ದೆಗೆ, ಥೇಟ್ ಅದೇ ಲೆಕ್ಕ. ತನಗೆ ಚೆನ್ನಾಗಿ ಕೊಡುತ್ತಿರುವ ಕೆಲವರಿಗೆ ಮಾತ್ರ ಪ್ರೋಗ್ರಾಮು ವಾಪಸು ಕೊಡುತ್ತದೆ, ಉಳಿದವರನ್ನು ಕಾಯಿಸುತ್ತದೆ. ಆದರೆ ಒಂದು ಬಾಗಿಲನ್ನು ಮಾತ್ರ ತೆರೆದಿಟ್ಟಿರುತ್ತದೆ. ಸುಮಾರು 30 ಸೆಕೆಂಡಿಗೊಮ್ಮೆ ಗುರುತು ಪರಿಚಯವಿಲ್ಲದ ಯಾರನ್ನೋ ಆರಿಸಿ ಸುಮ್ಮನೆ ಕೊಟ್ಟು ನೋಡುತ್ತದೆ. ಹೊಸದಾಗಿ ಬಂದವನ ಕೈಯಲ್ಲಿ ಕೊಡಲು ಏನೂ ಇರುವುದಿಲ್ಲವಾದ್ದರಿಂದ, ಈ ಪುಕ್ಕಟೆ ಕೊಡುಗೆ ಇಲ್ಲದಿದ್ದರೆ ಅವನು ವ್ಯವಹಾರ ಶುರು ಮಾಡುವುದೇ ಸಾಧ್ಯವಿಲ್ಲ. ಜೊತೆಗೆ, ಗುಂಪಿನಲ್ಲಿ ಅತಿ ಕಡಿಮೆ ಜನರ ಹತ್ತಿರ ಇರುವ ತುಂಡನ್ನೇ ಮೊದಲು ತರಿಸಿಕೊಳ್ಳುತ್ತದೆ. ಅಪರೂಪದ್ದು ಮೊದಲು ಹರಡಲಿ ಅಂತ. ಈ ಒಂದು ಸಾಲಿನ ಲೆಕ್ಕಾಚಾರ ನನಗೆ ಈಗಲೂ ಬಹಳ ಇಷ್ಟ.

ಈ ಜಾಣತನವೆಲ್ಲ ಫೈಲು ಪೂರ್ತಿ ಇಳಿಯುವವರೆಗೆ. ಇಳಿದಾದ ಮೇಲೆ ಇನ್ನೊಬ್ಬರಿಗೆ ಕೊಡುತ್ತ ಕೂರಬೇಕೆಂಬ (ಇದಕ್ಕೇ ಸೀಡ್ ಮಾಡುವುದು ಅನ್ನುತ್ತಾರೆ) ಒತ್ತಾಯ ಪ್ರೋಟೋಕಾಲಿನಲ್ಲಿ ಎಲ್ಲೂ ಇಲ್ಲ. ಜನ ಕಿಟಕಿ ಮುಚ್ಚಿ ಎದ್ದು ಹೋಗುತ್ತಾರೆ. ಸಾರ್ವಜನಿಕ ಸೈಟುಗಳಲ್ಲಿ ಮೂರು ತಿಂಗಳ ಹಿಂದಿನ ಟೊರೆಂಟ್ (ಹೀಗೆ ಹಂಚಿಕೆಗಿಟ್ಟ ಫೈಲು) 97 ಪರ್ಸೆಂಟಿಗೆ ಬಂದು ಶಾಶ್ವತವಾಗಿ ನಿಂತುಬಿಡುವುದನ್ನು ನೋಡಿದವರಿಗೆ ಆ ಸಂಕಟ ಗೊತ್ತು. ಪ್ರೈವೇಟ್ ಟ್ರ್ಯಾಕರ್ ಹುಟ್ಟಿದ್ದು ಆ ತೂತನ್ನು ಮುಚ್ಚಲು.

ಒಳಗಿನ ಯಂತ್ರ ಬಹಳ ಸರಳ. ಟೊರೆಂಟ್ ಫೈಲಿನಲ್ಲಿ ‘ಪ್ರೈವೇಟ್’ ಎಂಬ ಗುರುತು ಹಾಕಿದರೆ ಪ್ರೋಗ್ರಾಮು ಬೇರೆ ಯಾವ ದಾರಿಯಿಂದಲೂ ಜೊತೆಗಾರರನ್ನು ಹುಡುಕುವುದಿಲ್ಲ, ಸೈಟಿನ ಸರ್ವರಾದ ಟ್ರ್ಯಾಕರನ್ನು ಮಾತ್ರ ಕೇಳುತ್ತದೆ. ಕೇಳುವ ವಿಳಾಸದಲ್ಲೇ ನಿಮ್ಮ ಗುರುತಿನ ಕೀಲಿ ಸೇರಿರುತ್ತದೆ. ಅರ್ಧ ಗಂಟೆಗೊಮ್ಮೆಯೋ ಏನೋ ನಿಮ್ಮ ಕಂಪ್ಯೂಟರು ಟ್ರ್ಯಾಕರಿಗೆ ವರದಿ ಒಪ್ಪಿಸುತ್ತದೆ: ಇಷ್ಟು ಕೊಟ್ಟೆ, ಇಷ್ಟು ಪಡೆದೆ, ಇಷ್ಟು ಬಾಕಿ. ಟ್ರ್ಯಾಕರಿನ ಮೂಲಕ ಫೈಲು ಹಾದುಹೋಗುವುದೇ ಇಲ್ಲ. ಅದು ನೋಡುವುದು ಈ ವರದಿಯನ್ನು ಮಾತ್ರ. ಅಂದರೆ ಇಡೀ ಸಾಮ್ರಾಜ್ಯದ ಲೆಕ್ಕಪುಸ್ತಕ ನಿಂತಿರುವುದು ಪ್ರತಿಯೊಬ್ಬನೂ ತನ್ನ ಬಗ್ಗೆ ತಾನೇ ಕೊಟ್ಟ ಹೇಳಿಕೆಯ ಮೇಲೆ. ಸುಳ್ಳು ವರದಿ ಕಳಿಸುವ ಪ್ರೋಗ್ರಾಮುಗಳು ಇದ್ದವು. ಹಿಡಿಯುತ್ತಿದ್ದ ಬಗೆಯೂ ಅಷ್ಟೇ ಸರಳ. ಒಂದು ಟೊರೆಂಟಿನಲ್ಲಿ ಯಾರೂ ಏನೂ ಇಳಿಸಿಕೊಳ್ಳದಿದ್ದಾಗ ಒಬ್ಬ ಮಾತ್ರ 4 ಜಿಬಿ ಕೊಟ್ಟೆ ಎಂದರೆ ಯಾರಿಗೆ ಕೊಟ್ಟೆಯಪ್ಪ ಎಂದು ಕೇಳಬೇಕಾಗುತ್ತದಲ್ಲ?

ಸೇರುವುದಕ್ಕೆ ಒಳಗಿನವರ ಇನ್ವೈಟ್ ಬೇಕು. ಕರೆದವನು ಕರೆಸಿಕೊಂಡವನಿಗೆ ಜಾಮೀನು. ಹಲವು ಕಡೆ ನೀವು ಕರೆತಂದವನು ಮೋಸ ಮಾಡಿದರೆ ನಿಮ್ಮ ಖಾತೆಯೂ ಹೋಗುತ್ತಿತ್ತು. ಇನ್ವೈಟ್ ಮಾರಿದವರಿಗಂತೂ ಕ್ಷಮೆಯೇ ಇಲ್ಲ. ಸಂಗೀತಕ್ಕೆ ಮೀಸಲಾಗಿದ್ದ ವಾಟ್ ಡಾಟ್ ಸಿಡಿಯಲ್ಲಿ ಇನ್ವೈಟ್ ಇಲ್ಲದವರಿಗೆ ಇನ್ನೊಂದು ದಾರಿ ಇತ್ತು, ಚಾಟಿನಲ್ಲಿ ನಡೆಯುವ ಇಂಟರ್‌ವ್ಯೂ. ಕ್ಯಾಂಪಸ್ ಇಂಟರ್‌ವ್ಯೂಗೂ ನಾನು ಅಷ್ಟು ಓದಿಕೊಂಡಿರಲಿಲ್ಲ. ಲಾಸಿ (ಧ್ವನಿಯಲ್ಲಿ ಒಂದಿಷ್ಟು ಕಳೆದು ಕುಗ್ಗಿಸಿದ್ದು) ಎಂದರೇನು, ಏನನ್ನೂ ಕಳೆಯದ ಲಾಸ್‌ಲೆಸ್ ಎಂದರೇನು, ಸೆಕೆಂಡಿಗೆ 128 ಕಿಲೋಬಿಟ್‌ನ ಎಂಪಿ3ಯನ್ನು 320ಕ್ಕೆ ಬದಲಾಯಿಸಿದರೆ ಯಾಕೆ ಪ್ರಯೋಜನವಿಲ್ಲ, ಈ ಚಿತ್ರ ನೋಡಿ ಇದು ಅಸಲಿಯೋ ನಕಲಿಯೋ ಹೇಳು. ಕಾನೂನನ್ನು ಮುರಿಯಲು ಕೂಡಿದ ಜನ ಇಷ್ಟೊಂದು ನಿಯಮನಿಷ್ಠರಾಗಿರುವುದು ತಮಾಷೆ ಅನ್ನಿಸಿತ್ತು.

ಆ ಚಿತ್ರಕ್ಕೆ ಸ್ಪೆಕ್ಟ್ರೊಗ್ರಾಂ ಅನ್ನುತ್ತಾರೆ. ಅಡ್ಡಕ್ಕೆ ಕಾಲ, ಉದ್ದಕ್ಕೆ ಕಂಪನಾಂಕ. ಸಿಡಿಯ ಧ್ವನಿ ಸೆಕೆಂಡಿಗೆ 44,100 ಸಲ ಅಳೆದದ್ದಾದ್ದರಿಂದ ಅದರ ಬಣ್ಣ 22 ಕಿಲೋಹರ್ಟ್ಸ್‌ವರೆಗೂ ಏರಬಹುದು. 128ರ ಎಂಪಿ3 ಮಾಡುವಾಗ ಮೇಲಿನದನ್ನೆಲ್ಲ ಕತ್ತರಿಸಿಬಿಡುತ್ತಾರೆ. ಚಿತ್ರದಲ್ಲಿ 16 ಕಿಲೋಹರ್ಟ್ಸ್ ಹತ್ತಿರ ಅಡ್ಡಗೆರೆ ಎಳೆದಂತೆ ಬಣ್ಣ ನಿಂತು, ಮೇಲೆ ಕಪ್ಪು. ಒಮ್ಮೆ ಕತ್ತರಿಸಿದ್ದನ್ನು ಆಮೇಲೆ ಎಷ್ಟು ದೊಡ್ಡ ಫೈಲಿನಲ್ಲಿ ತುಂಬಿದರೂ ಆ ಗೆರೆ ಅಳಿಸುವುದಿಲ್ಲ.

ಒಂದು ಸಲ ನಾನು ಬೆಂಗಳೂರಿನ ಅಂಗಡಿಯೊಂದರಲ್ಲಿ ಭಾವಗೀತೆಗಳ ಸಿಡಿ ಕೊಂಡು ತಂದೆ. ಸೀಲ್ ಒಡೆಯದ ಅಸಲಿ ಮಾಲು, ಹೊಲೊಗ್ರಾಂ ಸಮೇತ. ಎಕ್ಸಾಕ್ಟ್ ಆಡಿಯೋ ಕಾಪಿ ಎಂಬ ಪ್ರೋಗ್ರಾಮಿನಲ್ಲಿ ಹಾಕಿದೆ. ಅದು ಅನುಮಾನ ಬಂದ ಕಡೆಯೆಲ್ಲ ಮತ್ತೆ ಮತ್ತೆ ಓದಿ ಕೊನೆಗೆ ಒಂದು ಲಾಗ್ ಬರೆದುಕೊಡುತ್ತದೆ. ಲೋಕದಲ್ಲಿ ಬೇರೆಯವರು ಅದೇ ಸಿಡಿಯನ್ನು ಓದಿಸಿದಾಗ ಬಂದ ಲೆಕ್ಕದ ಜೊತೆ ತಾಳೆ ನೋಡುತ್ತದೆ. ಕನ್ನಡದ ಸಿಡಿಗೆ ಪ್ರತಿ ಸಲ ಬರುತ್ತಿದ್ದ ಉತ್ತರವೇ ಬಂತು: ಈ ಡಿಸ್ಕ್ ಡೇಟಾಬೇಸಿನಲ್ಲಿ ಇಲ್ಲ. ಇರಲಿ ಎಂದು ಸ್ಪೆಕ್ಟ್ರೊಗ್ರಾಂ ತೆಗೆದು ನೋಡಿದರೆ, ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ 16 ಕಿಲೋಹರ್ಟ್ಸ್‌ನಲ್ಲಿ ನೀಟಾಗಿ ಗೆರೆ ಕೊರೆದಿದೆ. ಕೊಳಲಿನ ಉಸಿರು, ತಬಲದ ಚಾಟಿಯ ಚುರುಕು, ಎಲ್ಲ ಆ ಗೆರೆಗೆ ತಲೆ ಬಡಿದುಕೊಂಡು ಸತ್ತಿವೆ. ಹಕ್ಕು ಹೊಂದಿದ ಕಂಪನಿಯೇ ಎಂಪಿ3ಯಿಂದ ಸಿಡಿ ಸುಟ್ಟು, ಸೀಲ್ ಹಾಕಿ, ಅಸಲಿ ಎಂದು ಮಾರಿದೆ! ಪೈರಸಿಯ ವಿರುದ್ಧದ ಎಚ್ಚರಿಕೆ ಕವರಿನ ಹಿಂದೆ ದಪ್ಪಕ್ಷರದಲ್ಲಿ ಅಚ್ಚಾಗಿತ್ತು.

ಟ್ರ್ಯಾಕರಿನಲ್ಲಿ ಈ ಸಂಗತಿ ಬರೆದು, ಇದನ್ನು ಏರಿಸಬಹುದೇ ಎಂದು ಕೇಳಿದೆ. ಮೊದಲು ಸಿಡಿಯ ಫೋಟೊ ಕೇಳಿದರು, ಒಳಗಿನ ರಂಧ್ರದ ಸುತ್ತ ಕೊರೆದ ನಂಬರಿನ ಸಮೇತ. ನಂಬಿದ ಮೇಲೆ, ‘ಇದಕ್ಕಿಂತ ಹಳೆಯ ಮುದ್ರಣ ಇದೆಯೇ ಹುಡುಕಿ’ ಅಂದರು. ಕೆಲವು ವಾರದ ಮೇಲೆ ಅಮೆರಿಕದಲ್ಲಿರುವ ಕನ್ನಡದವರೊಬ್ಬರು ಮೆಸೇಜು ಮಾಡಿದರು: ‘ಸರ್, ನಾನು ತೊಂಬತ್ತರ ದಶಕದಲ್ಲಿ ಊರಿನಿಂದ ತಂದ ಪ್ರತಿ ಒಂದಿದೆ, ಬೇಸ್‌ಮೆಂಟಿನಲ್ಲಿ ಹುಡುಕುತ್ತೇನೆ.’ ಹುಡುಕಿದರು, ಏರಿಸಿದರು. ಆ ಚಿತ್ರದಲ್ಲಿ ಬಣ್ಣ ತುದಿಯವರೆಗೂ ಚಿಮ್ಮಿತ್ತು. ಕೇಳಿದರೆ ವ್ಯತ್ಯಾಸ ನನ್ನ ಕಿವಿಗೆ ಅಷ್ಟೇನೂ ಗೊತ್ತಾಗಲಿಲ್ಲ, ನಿಜ ಹೇಳಬೇಕೆಂದರೆ. ಗೊತ್ತಾಗಬೇಕಾದ ಅಗತ್ಯವೂ ಇರಲಿಲ್ಲ. ಎರಡು ಮುದ್ರಣಗಳಲ್ಲಿ ಯಾವುದು ಹೇಗೆ ಎನ್ನುವುದನ್ನು ಯಾರೋ ಮೊದಲ ಸಲ ನೋಡಿ, ಬರೆದಿಟ್ಟರಲ್ಲ, ಅದು ಮುಖ್ಯ ಅನ್ನಿಸಿತ್ತು. ಆ ಕಂಪನಿಯ ಕಚೇರಿಯಲ್ಲಿ ಕೂಡ ಆ ಮಾಹಿತಿ ಇರಲಿಕ್ಕಿಲ್ಲ.

ಮತ್ತೆ ರೇಷಿಯೋಗೆ ಬರುತ್ತೇನೆ, ಕತೆಯ ಗಂಟು ಅಲ್ಲೇ ಇದೆ.

ಒಬ್ಬ ಪಡೆದ ಪ್ರತಿ ಬೈಟನ್ನೂ ಇನ್ನೊಬ್ಬ ಕೊಟ್ಟಿರಲೇಬೇಕು. ಹಾಗಾಗಿ ಒಟ್ಟು ಕೊಟ್ಟದ್ದು, ಒಟ್ಟು ಪಡೆದದ್ದು ಯಾವಾಗಲೂ ಸಮ. ಒಬ್ಬನ ರೇಷಿಯೋ 5 ಇದ್ದರೆ ಬೇರೆ ಎಲ್ಲೋ ಕೆಲವರು 1ಕ್ಕಿಂತ ಕೆಳಗೆ ಇರಲೇಬೇಕು, ಬೇರೆ ದಾರಿಯಿಲ್ಲ. ಎಲ್ಲರೂ 1ರ ಮೇಲಿರಬೇಕೆಂದು ನಿಯಮ ಮಾಡಿದ ಟ್ರ್ಯಾಕರ್ ಅಸಾಧ್ಯವಾದದ್ದನ್ನು ಕೇಳುತ್ತಿದೆ ಎಂದೇ ಅರ್ಥ. ಎಷ್ಟು ಬೇಕಾದರೂ ನಕಲು ಮಾಡಬಹುದಾದ ವಸ್ತುಗಳ ಆ ಲೋಕದಲ್ಲಿ ನಿಜವಾದ ಬರ ಇದ್ದುದು ಪಡೆಯುವವರಿಗೆ. ಕೊಡಲು ನೂರು ಜನ ಕೈಚಾಚಿ ನಿಂತಿರುತ್ತಾರೆ, ತೆಗೆದುಕೊಳ್ಳುವವನು ಒಬ್ಬನೂ ಇರುವುದಿಲ್ಲ.

ಈ ಬರದಲ್ಲಿ ಗೆಲ್ಲುತ್ತಿದ್ದವರು ವೇಗದವರು. ಹೊಸ ಆಲ್ಬಂ ಏರಿದ ಮೊದಲ ಐದು ನಿಮಿಷದಲ್ಲೇ ಎಲ್ಲ ವ್ಯಾಪಾರ. ನೆದರ್‌ಲ್ಯಾಂಡ್ಸಿನಲ್ಲೋ ಫ್ರಾನ್ಸಿನಲ್ಲೋ ಸೀಡ್‌ಬಾಕ್ಸ್ (ಸೀಡ್ ಮಾಡುವುದಕ್ಕೆಂದೇ ಇರುವ ಸರ್ವರು) ಬಾಡಿಗೆಗೆ ಹಿಡಿದು, ಗಿಗಾಬಿಟ್ ವೇಗದಲ್ಲಿ, ಮನುಷ್ಯರ ಕೈಯೇ ತಾಗದಂತೆ ಸ್ಕ್ರಿಪ್ಟಿನಿಂದ ಇಳಿಸಿ, ಹಂಚಿ, ಅಳಿಸುವವರಿದ್ದರು. ಏನು ಹಂಚಿದೆವು ಎಂದು ಅವರಿಗೇ ಗೊತ್ತಿರುತ್ತಿರಲಿಲ್ಲ. ಇತ್ತ ನಮ್ಮದು ಬಿಎಸ್‌ಎನ್‌ಎಲ್‌ನ ಬ್ರಾಡ್‌ಬ್ಯಾಂಡ್, ರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಮಾತ್ರ ಲೆಕ್ಕವಿಲ್ಲದ ಡೇಟಾ. ಮ್ಯೂಟೊರೆಂಟ್ ಎಂಬ ಟೊರೆಂಟ್ ಪ್ರೋಗ್ರಾಮಿನಲ್ಲಿ ವಾರದ ಏಳು ದಿನ, ದಿನದ 24 ಗಂಟೆಗೆ ಒಂದೊಂದು ಚೌಕ. ನಸುಕಿನ ಆರು ಚೌಕಕ್ಕೆ ಹಸಿರು ಬಣ್ಣ ತುಂಬಿ ಮಲಗಬೇಕು. ಮೇಲೆ ಕಳಿಸುವ ವೇಗವಂತೂ ಕೆಳಗೆ ಇಳಿಯುವ ವೇಗದ ಒಂದು ಪಾಲು ಮಾತ್ರ. ಹತ್ತು ರಾತ್ರಿ ಕಂಪ್ಯೂಟರು ಬಿಸಿ ಮಾಡಿದರೂ ರೇಷಿಯೋದ ಎರಡನೇ ದಶಾಂಶ ಅಲುಗುತ್ತಿರಲಿಲ್ಲ. ‘ಕರೆಂಟ್ ಬಿಲ್ಲು ಯಾರು ಕಟ್ಟುತ್ತಾರೆ?’ ಅನ್ನುತ್ತಿದ್ದರು ಅಪ್ಪ, ನ್ಯಾಯವಾಗಿಯೇ.

ಇನ್ನು ಕನ್ನಡದ ಆಲ್ಬಂ ಏರಿಸಿದರೆ ಕೇಳುವುದೇ ಬೇಡ. ಏರಿಸಿದ ದಿನ ಕುತೂಹಲಕ್ಕೆ ಇಬ್ಬರು ಇಳಿಸಿಕೊಳ್ಳುತ್ತಾರೆ. ಆಮೇಲೆ ತಿಂಗಳುಗಟ್ಟಲೆ ಮೌನ. ರೇಷಿಯೋದ ದೃಷ್ಟಿಯಲ್ಲಿ ಅದು ಶುದ್ಧ ನಷ್ಟದ ಬಾಬತ್ತು. ಡಿಸ್ಕಿನಲ್ಲಿ ಜಾಗ ತಿನ್ನುತ್ತದೆ, ಏನೂ ತಂದುಕೊಡುವುದಿಲ್ಲ. ವ್ಯಾಪಾರಬುದ್ಧಿ ಇದ್ದವನು ಅದನ್ನು ಅಳಿಸಿ ಬಿಡುತ್ತಾನೆ. ಆದರೂ ಕೆಲವರು ಅಳಿಸುತ್ತಿರಲಿಲ್ಲ. ನನಗೆ ಗೊತ್ತಿದ್ದ ಅಂಥ ಒಂದು ಖಾತೆ ಇತ್ತು. ಯಾವ ದೇಶದವರು, ಗಂಡೋ ಹೆಣ್ಣೋ ಗೊತ್ತಿಲ್ಲ. ರೇಷಿಯೋ ಸಾಧಾರಣ. ಆದರೆ ಹಿಂದುಸ್ತಾನಿಯ ಹಳೆಯ 78 ಆರ್‌ಪಿಎಂ ತಟ್ಟೆಗಳಿಂದ ತೆಗೆದದ್ದು ಯಾವುದನ್ನು ಹುಡುಕಿದರೂ ಒಬ್ಬನೇ ಒಬ್ಬ ಸೀಡರ್ ಇರುತ್ತಿದ್ದ, ಅದು ಆ ಖಾತೆ. ಯಾವ ಹೊತ್ತಿಗೆ ಹೋದರೂ ಆನ್. ಕೊಡುವ ವೇಗ ಸೆಕೆಂಡಿಗೆ ಹದಿನೈದಿಪ್ಪತ್ತು ಕಿಲೋಬೈಟ್. ಒಂದು ಸಂಗ್ರಹ ಬರಲು ಒಂದು ರಾತ್ರಿ. ಬಂದೇ ಬರುತ್ತಿತ್ತು.

ನಡೆಸುವವರಿಗೂ ಇದು ಅರ್ಥವಾಗಿತ್ತು. ವಾಟ್ ಡಾಟ್ ಸಿಡಿ ಎಷ್ಟೇ ಇಳಿಸಿಕೊಂಡವರಿಂದಲೂ 0.60ಕ್ಕಿಂತ ಹೆಚ್ಚಿನ ರೇಷಿಯೋ ಕೇಳುತ್ತಿರಲಿಲ್ಲ. ತೀರಾ ಹೆಚ್ಚು ಇಳಿಸಿಕೊಳ್ಳದವರು ಪಡೆದದ್ದನ್ನು ಬಿಡದೆ ಸೀಡ್ ಮಾಡುತ್ತಿದ್ದರೆ ಆ ಮಿತಿಯೂ ಇಳಿಯುತ್ತಿತ್ತು. ಬೇರೆ ಕೆಲವು ಟ್ರ್ಯಾಕರುಗಳು ಬೋನಸ್ ಪಾಯಿಂಟ್ ತಂದವು: ಯಾರಾದರೂ ಕೇಳಲಿ ಬಿಡಲಿ, ಸೀಡ್ ಮಾಡುತ್ತ ಕೂತ ಪ್ರತಿ ಗಂಟೆಗೆ ಇಷ್ಟು ಅಂಕ, ಸೀಡರ್‌ಗಳು ಕಡಿಮೆ ಇರುವ ಟೊರೆಂಟಿಗೆ ಇನ್ನೂ ಹೆಚ್ಚು. ಹಂಚುವುದು ಸುಲಭದ ಕೆಲಸ, ಕಾದು ಕೂರುವುದು ಕಷ್ಟದ ಕೆಲಸ ಎಂಬುದನ್ನು ಲೆಕ್ಕಕ್ಕೆ ತಂದದ್ದು ಇದೇ ಮೊದಲು ಅಂತ ನನ್ನ ಅಭಿಪ್ರಾಯ. ಈಗಿನ ಸ್ಟ್ರೀಮಿಂಗ್ ಕಂಪನಿಗಳ ಲೆಕ್ಕದಲ್ಲಿ ವರ್ಷಕ್ಕೊಮ್ಮೆ ಕೇಳುವ ಹಾಡಿಗೆ ಯಾವ ಅಂಕವೂ ಇಲ್ಲ.

ಬಾಗಿಲು ಮುಚ್ಚಿದ ಕತೆಗಳು ಎಲ್ಲರಿಗೂ ಗೊತ್ತಿರುವಂಥವು. ಇಂಗ್ಲೆಂಡಿನ ಮಿಡಲ್ಸ್‌ಬರೋದಲ್ಲಿ ಅಲನ್ ಎಲ್ಲಿಸ್ ಎಂಬಾತ 2004ರಲ್ಲಿ ಶುರು ಮಾಡಿದ ಓಯಿಂಕ್ ಎಂಬ ಸಂಗೀತದ ಟ್ರ್ಯಾಕರ್ 2007ರ ಅಕ್ಟೋಬರಿನಲ್ಲಿ ಪೊಲೀಸ್ ದಾಳಿಗೆ ಬಿತ್ತು. ಸುಮಾರು 1,80,000 ಸದಸ್ಯರಿದ್ದರು. 2010ರಲ್ಲಿ ಜ್ಯೂರಿ ಅವನನ್ನು ನಿರ್ದೋಷಿ ಎಂದಿತು, ಸೈಟು ಮರಳಲಿಲ್ಲ. ಅದು ಬಿದ್ದ ತಿಂಗಳೇ ಎದ್ದದ್ದು ವಾಟ್ ಡಾಟ್ ಸಿಡಿ. ಅದೂ 2016ರ ನವೆಂಬರ್ 17ರಂದು, ಫ್ರಾನ್ಸಿನಲ್ಲಿ ಸರ್ವರುಗಳ ಮೇಲೆ ದಾಳಿಯಾದಾಗ, ಬಂದ್ ಆಯಿತು. ಸದಸ್ಯರ ಮಾಹಿತಿ, ಸೈಟಿನ ಮಾಹಿತಿ ಎಲ್ಲವನ್ನೂ ನಾಶ ಮಾಡಿದ್ದೇವೆ ಎಂದು ನಡೆಸುತ್ತಿದ್ದವರು ಪ್ರಕಟಿಸಿದರು. ಸದಸ್ಯರನ್ನು ಉಳಿಸಲು ಮಾಡಿದ್ದು, ಮಾಡಬೇಕಾದದ್ದೇ.

ಮಾರನೆಯ ಬೆಳಿಗ್ಗೆ ನನ್ನ ಹಾರ್ಡ್‌ಡಿಸ್ಕಿನಲ್ಲಿ ಎಲ್ಲ ಫೈಲೂ ಹಾಗೇ ಇತ್ತು. ಟೊರೆಂಟ್‌ಗಳ ಪಟ್ಟಿ ಮೇಲಿಂದ ಕೆಳಗೆ ಕೆಂಪಗೆ, ಟ್ರ್ಯಾಕರ್ ಸಿಗುತ್ತಿಲ್ಲ. ಕೆಲವೇ ದಿನಗಳಲ್ಲಿ ಎರಡು ಹೊಸ ಟ್ರ್ಯಾಕರುಗಳು ಎದ್ದವು, ಜನ ತಂತಮ್ಮ ಡಿಸ್ಕಿನಿಂದ ಮತ್ತೆ ಏರಿಸತೊಡಗಿದರು. ಹಾಡುಗಳು ದಡಬಡ ಬಂದವು. ಬಾರದೆ ಹೋದದ್ದು ಕ್ಯಾಟಲಾಗು. ಯಾವ ಮುದ್ರಣ ಯಾವ ವರ್ಷದ್ದು, ಈ ಕವರಿನ ಮೇಲಿನ ಹೆಸರು ತಪ್ಪು, ಆ ತಂಬೂರಿ ಸಾಥ್ ಯಾರದ್ದು, ಈ ಹತ್ತು ಆಲ್ಬಂ ಒಟ್ಟಿಗೆ ಕೇಳಿ ಯಾಕೆಂದರೆ... ಹೀಗೆ ಸಾವಿರಾರು ಜನ ಒಂಬತ್ತು ವರ್ಷ ಪುಕ್ಕಟೆಯಾಗಿ ಬರೆದಿಟ್ಟ ಟಿಪ್ಪಣಿ, ತಿದ್ದುಪಡಿ, ಜಗಳ. ಅದರ ಪ್ರತಿ ಯಾರೊಬ್ಬರ ಡಿಸ್ಕಿನಲ್ಲೂ ಪೂರ್ತಿಯಾಗಿ ಇರಲಿಲ್ಲ. ಎರಡು ಮುದ್ರಣದ ಆ ಭಾವಗೀತೆಯ ಚರ್ಚೆಯೂ ಅದರಲ್ಲಿ ಹೋಯಿತು. ಫೈಲನ್ನು ಸಾವಿರ ಕಡೆ ಹರಡಿಟ್ಟು, ಅದರ ಬಗೆಗಿನ ತಿಳಿವಳಿಕೆಯನ್ನು ಮಾತ್ರ ಒಂದೇ ಪೆಟ್ಟಿಗೆಯಲ್ಲಿ ಇಟ್ಟಿದ್ದು ಎಂಥ ವಿಚಿತ್ರ ಏರ್ಪಾಡು!

78 ಆರ್‌ಪಿಎಂನ ಆ ಖಾತೆ ಹೊಸ ಜಾಗಗಳಲ್ಲಿ ನನಗೆ ಎಲ್ಲೂ ಸಿಗಲಿಲ್ಲ.

ಈ ಕೂಟಗಳು ಪತ್ರಾಗಾರಕ್ಕೆ ಬದಲಿ ಎಂದು ವಾದಿಸುವವರ ಜೊತೆ ನಾನಿಲ್ಲ. ಕನ್ನಡದ ಮೊದಲ ವಾಕ್ಚಿತ್ರ ಸತಿ ಸುಲೋಚನಾ ತೆರೆಗೆ ಬಂದದ್ದು 1934ರಲ್ಲಿ. ಅದರ ಒಂದು ಪ್ರತಿಯೂ ಉಳಿದಿಲ್ಲ. ಪುಣೆಯ ರಾಷ್ಟ್ರೀಯ ಚಲನಚಿತ್ರ ಪತ್ರಾಗಾರ ಶುರುವಾದದ್ದೇ 1964ರಲ್ಲಿ. ಆ ಮೂವತ್ತು ವರ್ಷದಲ್ಲಿ ಯಾರಾದರೂ ಒಂದು ಪ್ರತಿಯನ್ನು ಕಾದಿದ್ದರೆ ಎಂದು ಅನ್ನಿಸುವುದು ಸಹಜ, ಆದರೆ ಆ ಕಾಲದ ನೈಟ್ರೇಟ್ ಫಿಲ್ಮನ್ನು ಹವ್ಯಾಸಿಗಳು ಮನೆಯ ಅಟ್ಟದ ಮೇಲೆ ಇಟ್ಟುಕೊಳ್ಳಲಾಗುವುದಿಲ್ಲ, ಬೆಂಕಿ ಹತ್ತುತ್ತದೆ. 1977ರ ಘಟಶ್ರಾದ್ಧವನ್ನು ನಾನು ಮೊದಲು ನೋಡಿದ್ದು ಟಿವಿಯಿಂದ ಹಿಡಿದಿಟ್ಟ ಪ್ರತಿಯಲ್ಲಿ. ರಾತ್ರಿಯ ದೃಶ್ಯಗಳಲ್ಲಿ ಯಾರು ಎಲ್ಲಿದ್ದಾರೆ ಎಂದೇ ತಿಳಿಯುತ್ತಿರಲಿಲ್ಲ. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತಿತರರು ಸೇರಿ ಅದನ್ನು ಪುನರುದ್ಧಾರ ಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಅಂಥ ಕೆಲಸಕ್ಕೆ ಫಿಲ್ಮು ಬೇಕು, ತಜ್ಞರು ಬೇಕು, ದುಡ್ಡು ಬೇಕು. ಟೊರೆಂಟಿನಿಂದ ಆಗುವ ಮಾತಲ್ಲ. ಮಸುಕು ಪ್ರತಿಗಳು ಮಾಡಿದ್ದು ಇಷ್ಟೇ: ನಡುವಿನ ವರ್ಷಗಳಲ್ಲಿ ಆ ಸಿನಿಮಾ ಒಂದಿದೆ ಎಂದು ಕೆಲವರಿಗೆ ನೆನಪಿರುವಂತೆ ನೋಡಿಕೊಂಡವು.

ಕಾನೂನಿನ ಈಚೆ ಬದಿಯಲ್ಲೇ ಇದೇ ಶಿಸ್ತಿನಿಂದ ಕೆಲಸ ಮಾಡಿದವರೂ ಇದ್ದಾರೆ, ಅವರ ಬಗ್ಗೆ ಮಾತು ಕಡಿಮೆ. ಅಮೆರಿಕದಲ್ಲಿ ಗ್ರೇಟ್‌ಫುಲ್ ಡೆಡ್ ಎಂಬ ರಾಕ್ ಸಂಗೀತದ ತಂಡ ತನ್ನ ಕಛೇರಿಗಳನ್ನು ಅಭಿಮಾನಿಗಳು ಧ್ವನಿಮುದ್ರಿಸಿಕೊಳ್ಳಲು ಬಿಟ್ಟಿತ್ತು, ಮಾರಬಾರದು ಎಂಬ ಒಂದೇ ಷರತ್ತಿನ ಮೇಲೆ. ಕ್ಯಾಸೆಟ್ ಬೇಕಾದವರು ಖಾಲಿ ಕ್ಯಾಸೆಟ್ಟು, ಅಂಚೆ ಖರ್ಚು ಕಳಿಸಿದರೆ ಸಾಕು, ಯಾರೋ ನಕಲು ಮಾಡಿ ಕಳಿಸುತ್ತಿದ್ದರು. ಆ ಸಂಪ್ರದಾಯದಿಂದ 1998ರಲ್ಲಿ ಇಟ್ರೀ ಎಂಬ ಕೂಟ ಹುಟ್ಟಿತು, ಅದರ ಸಂಗ್ರಹ ಇಂಟರ್‌ನೆಟ್ ಆರ್ಕೈವಿಗೆ ಹೋಯಿತು. ನಮ್ಮಲ್ಲಿ ಕರ್ನಾಟಕ ಸಂಗೀತದ ರಸಿಕರ ಸಂಗೀತಪ್ರಿಯ ಇದೆ. ಮನೆಮನೆಯ ಕಪಾಟುಗಳಲ್ಲಿದ್ದ ಕಛೇರಿಗಳ ಧ್ವನಿಮುದ್ರಣ ಅಲ್ಲಿ ಸಿಗುತ್ತದೆ, ಅಂಗಡಿಯಲ್ಲಿ ಮಾರಾಟಕ್ಕಿರುವುದಕ್ಕೆ ಜಾಗವಿಲ್ಲ.

ನಾನೂ ಈಗ ಈಚೆ ದಡದವನೇ. ಪ್ರೈವೇಟ್ ಟ್ರ್ಯಾಕರಿನ ಖಾತೆಗಳು ಒಂದೊಂದಾಗಿ ನಿಷ್ಕ್ರಿಯವಾಗಿ ಉದುರಿಹೋದವು, ಹೊಸ ಇನ್ವೈಟ್ ಕೇಳುವ ಹುಮ್ಮಸ್ಸು ಬರಲಿಲ್ಲ. ಅಭ್ಯಾಸ ಮಾತ್ರ ಬಿಟ್ಟಿಲ್ಲ. ಇಂಟರ್‌ನೆಟ್ ಆರ್ಕೈವಿನಲ್ಲಿ ಸ್ಕ್ಯಾನ್ ಆದ ಕನ್ನಡ ಪುಸ್ತಕಗಳಿಗೆ ಟೊರೆಂಟ್ ಕೂಡ ಸಿಗುತ್ತದೆ. ಲೇಖಕರು ತೀರಿಕೊಂಡು 60 ವರ್ಷ ದಾಟಿದ್ದರೆ ನಮ್ಮ ದೇಶದಲ್ಲಿ ಹಕ್ಕು ಮುಗಿಯುತ್ತದೆ. 1946ರಲ್ಲಿ ತೀರಿಕೊಂಡ ಬಿ.ಎಂ.ಶ್ರೀ.ಯವರ ಬರಹ ಯಾವತ್ತೋ ಎಲ್ಲರದೂ ಆಗಿದೆ. ಅಂಥವನ್ನು ಒಂದು ಹಳೇ ಲ್ಯಾಪ್‌ಟಾಪಿನಲ್ಲಿ ಸೀಡ್‌ಗೆ ಹಾಕಿಟ್ಟಿದ್ದೇನೆ. ಫೈಬರ್ ಬಂದು ವೇಗಕ್ಕೆ ಕೊರತೆಯಿಲ್ಲ. ಆದರೆ ಈಗ ನೂರಾರು ಮನೆಗಳಿಗೆ ಒಂದೇ ಐಪಿ ವಿಳಾಸ ಹಂಚಿ ಕೊಡುತ್ತಾರಾದ್ದರಿಂದ ಹೊರಗಿನವರು ನೇರವಾಗಿ ನನ್ನನ್ನು ತಲುಪಲಾರರು. ನಾನೇ ಅವರನ್ನು ಹುಡುಕಿ ಹೋಗಬೇಕು. ಹೀಗೇ ಗೋಡೆಯ ಹಿಂದೆ ಇರುವ ಇಬ್ಬರು ಕನ್ನಡಿಗರು ಒಬ್ಬರಿಗೊಬ್ಬರು ಸಿಗುವುದೇ ಕಷ್ಟ. ಪ್ರತಿ ಮನೆಗೂ ಬೇರೆ ವಿಳಾಸ ಸಿಗುವ ಐಪಿವಿ6 ಹಾಕಿಕೊಂಡ ಮೇಲೆ ಸ್ವಲ್ಪ ವಾಸಿ.

ಇನ್ನೊಂದು ಕೆಲಸ ಸೋದರಮಾವನದು. ಮಾವ ಎಂಬತ್ತರ ದಶಕದಲ್ಲಿ ತಾಳಮದ್ದಳೆ ಎಲ್ಲಿದ್ದರೂ ಟೇಪ್‌ರೆಕಾರ್ಡರ್ ಹೊತ್ತು ಹೋಗುತ್ತಿದ್ದವರು. ಎರಡು ಟ್ರಂಕ್ ತುಂಬ ಕ್ಯಾಸೆಟ್ಟು. ಕಾಯ್ದೆಯಲ್ಲಿ ಕಲಾವಿದರಿಗೂ ಪ್ರದರ್ಶನದ ಮೇಲೆ 50 ವರ್ಷದ ಹಕ್ಕು ಇದೆ, ಹಾಗಾಗಿ ಡಿಜಿಟಲ್ ಮಾಡಿದ ಮಾತ್ರಕ್ಕೆ ಎಲ್ಲವನ್ನೂ ಬಿಡುಗಡೆ ಮಾಡಲು ಬರುವುದಿಲ್ಲ. ಭಾಗವತರ, ಅರ್ಥಧಾರಿಗಳ ಮನೆಯವರನ್ನು ಕೇಳುತ್ತಿದ್ದೇನೆ. ಕೆಲವರು ‘ಅದಕ್ಕೇನು, ಧಾರಾಳ ಹಾಕಿ’ ಅಂದರು. ಒಬ್ಬರು ಬೇಡ ಅಂದರು, ಅವರದು ಹಾಗೇ ಇದೆ. ಕೇಳಲು ಹೆಸರೇ ಗೊತ್ತಿಲ್ಲದವು ಬಹಳ. ಮಾವನ ಲೇಬಲ್ಲುಗಳು ಹೀಗಿವೆ: ‘ಕರ್ಣಪರ್ವ, ಮಳೆ ಬಂತು.’ ‘ವಾಲಿವಧೆ, ಊಟದ ನಂತರ.’

ಆ ಕರ್ಣಪರ್ವದಲ್ಲಿ ಭಾಗವತಿಕೆ ಯಾರದೆಂದು ಪತ್ತೆಯಾಗಿದೆ. ಶಲ್ಯನ ಅರ್ಥ ಹೇಳಿದವರು ಯಾರೆಂದು ಮಾವನಿಗೂ ನೆನಪಿಲ್ಲ. ಧ್ವನಿ ದಪ್ಪ, ಕುಂದಾಪುರದ ಕಡೆಯ ಮಾತಿನ ಧಾಟಿ. ನಡುವೆ ಒಮ್ಮೆ ತಗಡಿನ ಮಾಡಿನ ಮೇಲೆ ಮಳೆ ಜೋರಾದಾಗ, ‘ನಿನ್ನ ರಥಕ್ಕಿಂತ ಇದರ ಸದ್ದೇ ಹೆಚ್ಚಾಯಿತಲ್ಲ ಕರ್ಣ’ ಎಂದು ಅದನ್ನೂ ಪ್ರಸಂಗದ ಒಳಗೇ ಎಳೆದುಕೊಳ್ಳುತ್ತಾರೆ, ಸಭೆ ಗೊಳ್ಳೆನ್ನುತ್ತದೆ. ಹತ್ತು ನಿಮಿಷದ ಆ ಭಾಗವನ್ನು ಕೇಳಿಸಬಲ್ಲೆ. ಯಾರದೆಂದು ಗುರುತು ಸಿಕ್ಕವರು ಕಮೆಂಟಿನಲ್ಲಿ ಹೆಸರು ತಿಳಿಸಿ. ಈ ಸಲ ಪಟ್ಟಿಯನ್ನು ಧ್ವನಿಯ ಜೊತೆ ಅದೇ ಟೊರೆಂಟಿನ ಒಳಗೆ ಒಂದು ಟೆಕ್ಸ್ಟ್ ಫೈಲಾಗಿ ಇಡುತ್ತಿದ್ದೇನೆ.